ಘಾಟಿ ಇಳಿಯುವ ಬೈಕಿನ ಮುಂದಿನ ಬ್ರೇಕ್: ಮನೆಯಲ್ಲೇ ಉತ್ತಮಪಡಿಸುವ ಕ್ರಮ

ಚಿಕ್ಕಮಗಳೂರಿನ ಗಿರಿಶ್ರೇಣಿಯಿಂದ ಕೈಮರದ ಕಡೆಗೆ ಇಳಿಯುವವರಿಂದಲೂ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವವರಿಂದಲೂ ಬೈಕಿನ ಮುಂದಿನ ಬ್ರೇಕಿನ ಬಗ್ಗೆ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ. ಮೇಲಿನ ತಿರುವುಗಳಲ್ಲಿ ಗಟ್ಟಿಯಾಗಿದ್ದ ಲಿವರ್ ಕೆಳಗಿನ ತಿರುವುಗಳಿಗೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಮಳೆಗಾಲದಲ್ಲಂತೂ ಮೊದಲ ಕ್ಷಣ ಬ್ರೇಕ್ ಹಿಡಿಯುವುದೇ ಇಲ್ಲ, ಹಿಡಿದರೆ ಒಮ್ಮೆಲೇ ಹಿಡಿಯುತ್ತದೆ. ಪರಿಹಾರವೆಂದು ದೊಡ್ಡ ಡಿಸ್ಕ್, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ದೊಡ್ಡ ಕ್ಯಾಲಿಪರ್ ಹುಡುಕುವವರು ಹಲವರಿದ್ದಾರೆ. ಆದರೆ ಮಲೆನಾಡಿನ ರಸ್ತೆಯಲ್ಲಿ ಬ್ರೇಕನ್ನು ಸೋಲಿಸುವುದು ಬಿಸಿ ಮತ್ತು ನೀರು, ಮತ್ತು ಇವೆರಡನ್ನೂ ಎದುರಿಸಲು ಬ್ರೇಕ್ ಆಯಿಲ್, ಹೋಸ್ ಹಾಗೂ ಪ್ಯಾಡ್ ಎಂಬ ಮೂರನ್ನು ಸರಿಯಾಗಿ ಆರಿಸಿ, ಸರಿಯಾಗಿ ಬದಲಿಸಿದರೆ ಸಾಕು ಎಂಬುದು ನನ್ನ ದೃಢ ಅಭಿಪ್ರಾಯ. ಮುಂದೆ ಡಿಸ್ಕ್ ಬ್ರೇಕ್ ಇರುವ ಬೈಕಿನಲ್ಲಿ ಈ ಕೆಲಸವನ್ನು ಮನೆಯಂಗಳದಲ್ಲೇ ಸುರಕ್ಷಿತವಾಗಿ ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಡ್ರಮ್ ಬ್ರೇಕಿನ ಬೈಕುಗಳಿಗೆ ಇದು ಅನ್ವಯಿಸುವುದಿಲ್ಲ.

ಬಿಸಿಯ ಲೆಕ್ಕ

ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಶಿಖರಕ್ಕೆ ಹತ್ತುವ ಮೆಟ್ಟಿಲುಗಳ ಬುಡದವರೆಗೆ ಬೈಕಿನಲ್ಲಿ ಹೋಗಿ ಚಿಕ್ಕಮಗಳೂರು ಪಟ್ಟಣಕ್ಕೆ ಮರಳುವಾಗ ಸುಮಾರು 700 ಮೀಟರ್ ಇಳಿಯಬೇಕಾಗುತ್ತದೆ ಎಂದಿಟ್ಟುಕೊಳ್ಳೋಣ. ಬೈಕ್ ಮತ್ತು ಸವಾರ ಸೇರಿ 250 ಕಿಲೋ ತೂಕವಿದ್ದರೆ ಈ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 17 ಲಕ್ಷ ಜೂಲ್. ಐದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಗಾಳಿಯ ತಡೆ ಮತ್ತು ಎಂಜಿನ್ ಬ್ರೇಕಿಂಗ್ ಇದರಲ್ಲಿ ಒಂದು ಪಾಲನ್ನು ಹೀರಿಕೊಳ್ಳುತ್ತವೆ. ಕ್ಲಚ್ ಹಿಡಿದುಕೊಂಡು ಅಥವಾ ನ್ಯೂಟ್ರಲ್‌ನಲ್ಲಿ ಇಳಿದರೆ ಎಂಜಿನ್ನಿನ ಪಾಲೂ ಸೇರಿ ಡಿಸ್ಕಿನ ಮೇಲೆಯೇ ಬೀಳುತ್ತದೆ.

ಡಿಸ್ಕಿನ ಬಿಸಿ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಆಯಿಲಿಗೆ ದಾಟುತ್ತದೆ. ಡಾಟ್ ಎಂಬುದು ಬ್ರೇಕ್ ಆಯಿಲಿನ ದರ್ಜೆ; ಹೊಸ ಡಾಟ್ 4 ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಮಾನದಂಡ. ಆದರೆ ಗ್ಲೈಕಾಲ್ ಆಧಾರಿತವಾದ ಈ ದ್ರವ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ, ಮತ್ತು ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದ ಸ್ಥಿತಿಗೆ ಮಾನದಂಡ ಕೇಳುವುದು 155 ಡಿಗ್ರಿಯನ್ನಷ್ಟೇ. ಡಾಟ್ 3ರಲ್ಲಿ ಇದೇ ಅಂಕಿಗಳು 205 ಮತ್ತು 140, ಡಾಟ್ 5.1ರಲ್ಲಿ 260 ಮತ್ತು 180. ವರ್ಷದಲ್ಲಿ ತಿಂಗಳುಗಟ್ಟಲೆ ಮಳೆ ಮತ್ತು ಮಂಜಿನಲ್ಲಿ ನೆನೆಯುವ ನಮ್ಮ ತಾಲ್ಲೂಕುಗಳಲ್ಲಿ ಹಳೆಯ ಆಯಿಲ್ ಯಾವ ಅಂಕಿಯ ಕಡೆಗೆ ಜಾರುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ದ್ರವ ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗದು, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಲಿವರ್ ಹ್ಯಾಂಡಲ್ಲಿನವರೆಗೆ ಬಂದರೂ ಕ್ಯಾಲಿಪರಿಗೆ ಒತ್ತಡ ತಲುಪುವುದಿಲ್ಲ.

ಇದರಿಂದ ಬೇರೆಯಾದ ಇನ್ನೊಂದು ಸೋಲಿದೆ. ಅಗ್ಗದ ಪ್ಯಾಡ್ ಅತಿಯಾಗಿ ಕಾದಾಗ ಅದರೊಳಗಿನ ಅಂಟು ಪದಾರ್ಥ ಅನಿಲವಾಗಿ ಪ್ಯಾಡ್ ಮತ್ತು ಡಿಸ್ಕಿನ ನಡುವಿನ ಹಿಡಿತವನ್ನು ಕೆಡಿಸುತ್ತದೆ. ಆಗ ಲಿವರ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಬೈಕ್ ನಿಲ್ಲುವುದಿಲ್ಲ. ನಿಮ್ಮ ಬೈಕಿನ ತೊಂದರೆ ಇವೆರಡರಲ್ಲಿ ಯಾವುದೆಂದು ಇಳಿಜಾರಿನಲ್ಲಿ ಗಮನಿಸಿಟ್ಟುಕೊಂಡರೆ ಯಾವ ಭಾಗಕ್ಕೆ ಹಣ ಹಾಕಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಮುಟ್ಟಬಾರದ ಭಾಗಗಳು

ಲಿವರ್ ಒತ್ತಿದಾಗ ಆಯಿಲನ್ನು ಹೋಸಿಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ದೊಡ್ಡದಕ್ಕೆ ಬದಲಿಸಿದರೆ ಬ್ರೇಕ್ ಚುರುಕಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ನಿಜವಾಗಿ ಆಗುವುದು ಇದರ ವಿರುದ್ಧ. 12.7 ಮಿಲಿಮೀಟರ್ ವ್ಯಾಸದ ಪಿಸ್ಟನ್ ಇದ್ದಲ್ಲಿ 14 ಮಿಲಿಮೀಟರಿನದನ್ನು ಹಾಕಿದರೆ ಅದರ ವಿಸ್ತೀರ್ಣ ಶೇಕಡಾ 21ರಷ್ಟು ಹೆಚ್ಚುತ್ತದೆ, ಅಂದರೆ ಕೈಯ ಅದೇ ಬಲಕ್ಕೆ ಹೋಸಿನೊಳಗೆ ಹುಟ್ಟುವ ಒತ್ತಡ ಸುಮಾರು ಶೇಕಡಾ 18ರಷ್ಟು ಇಳಿಯುತ್ತದೆ. ಲಿವರ್ ಬೆರಳಿಗೆ ಗಟ್ಟಿಯಾಗಿ ಸಿಗುವುದರಿಂದ ಬ್ರೇಕ್ ಬಲಗೊಂಡಿತೆಂಬ ಭ್ರಮೆ ಉಂಟಾಗುತ್ತದೆ. ನಿಲ್ಲಿಸಲು ಮಾತ್ರ ಮೊದಲಿಗಿಂತ ಹೆಚ್ಚು ಬಲ ಹಾಕಬೇಕಾಗುತ್ತದೆ.

ಡಿಸ್ಕ್ ಮತ್ತು ಕ್ಯಾಲಿಪರ್ ಬದಲಾವಣೆಗೆ ಕಾನೂನಿನ ತೊಡಕೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗಿ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ, ಮತ್ತು ಅಪಘಾತವಾದಾಗ ವಿಮಾ ಪರಿಹಾರದ ಪ್ರಶ್ನೆ ಏಳುವುದು ಇಂಥ ಮಾರ್ಪಾಡುಗಳ ಸುತ್ತಲೇ. ಆದ್ದರಿಂದ ಮೂಲ ಡಿಸ್ಕ್, ಮೂಲ ಕ್ಯಾಲಿಪರ್, ಮೂಲ ಮಾಸ್ಟರ್ ಸಿಲಿಂಡರ್ ಇವು ಮೂರೂ ಹಾಗೆಯೇ ಇರಲಿ.

ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಬೈಕಿನವರಿಗೆ ಒಂದು ಪ್ರತ್ಯೇಕ ಮಾತು. 125 ಸಿಸಿಗಿಂತ ಹೆಚ್ಚಿನ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಕಡ್ಡಾಯವಾದದ್ದು ಹೊಸ ಮಾದರಿಗಳಲ್ಲಿ 2018ರ ಏಪ್ರಿಲ್‌ನಿಂದ, ಉಳಿದವುಗಳಲ್ಲಿ 2019ರ ಏಪ್ರಿಲ್‌ನಿಂದ. ಇಂಥ ಬೈಕುಗಳಲ್ಲಿ ಹೋಸ್ ಮಾಸ್ಟರ್ ಸಿಲಿಂಡರಿನಿಂದ ನೇರವಾಗಿ ಕ್ಯಾಲಿಪರಿಗೆ ಬರದೆ ಎಬಿಎಸ್ ಘಟಕದ ಮೂಲಕ ಹಾದು ಬರುತ್ತದೆ. ಆ ಘಟಕದೊಳಗೆ ಗಾಳಿ ಹೊಕ್ಕರೆ ಅದನ್ನು ಹೊರತೆಗೆಯಲು ಕೆಲವು ಮಾದರಿಗಳಲ್ಲಿ ಕಂಪನಿಯ ಸ್ಕ್ಯಾನ್ ಉಪಕರಣವೇ ಬೇಕು. ಹಾಗಾಗಿ ಎಬಿಎಸ್ ಬೈಕಿನಲ್ಲಿ ಪ್ಯಾಡ್ ಮತ್ತು ಆಯಿಲ್ ಬದಲಾವಣೆಯನ್ನು ಮಾತ್ರ ಮನೆಯಲ್ಲಿ ಮಾಡಿ, ಹೋಸನ್ನು ಆ ಉಪಕರಣವಿರುವ ಸರ್ವಿಸ್ ಕೇಂದ್ರಕ್ಕೆ ಬಿಡುವುದು ಉಚಿತ.

ಮೊದಲು ಪರಿಶೀಲನೆ, ಆಮೇಲೆ ಖರೀದಿ

ಡಿಸ್ಕಿನ ಮೇಲೆಯೇ ಅದರ ಕನಿಷ್ಠ ದಪ್ಪವನ್ನು ಕೊರೆದಿರುತ್ತಾರೆ. ಪ್ಯಾಡ್ ಉಜ್ಜುವ ಪಟ್ಟಿಯ ದಪ್ಪವನ್ನು ಮೂರ್ನಾಲ್ಕು ಕಡೆ ಮೈಕ್ರೋಮೀಟರಿನಿಂದ ಅಳೆದು ಅದರೊಂದಿಗೆ ಹೋಲಿಸಿ. ಡಿಸ್ಕಿನ ಅಂಚು ಸವೆಯದೆ ಎದ್ದು ನಿಂತಿರುವುದರಿಂದ ಅಂಚಿನ ಅಳತೆ ದಾರಿ ತಪ್ಪಿಸುತ್ತದೆ. ಮುಂದಿನ ಚಕ್ರವನ್ನು ಎತ್ತಿ ತಿರುಗಿಸಿ ಡಿಸ್ಕ್ ಓಲಾಡುತ್ತದೆಯೇ ನೋಡಿ. ಫೋರ್ಕಿನ ಆಯಿಲ್ ಸೀಲ್ ಸೋರುತ್ತಿದ್ದರೆ ಅದನ್ನು ಸರಿಪಡಿಸುವವರೆಗೆ ಹೊಸ ಪ್ಯಾಡ್ ತರುವುದೇ ಬೇಡ, ಏಕೆಂದರೆ ಫೋರ್ಕ್ ಆಯಿಲ್ ಡಿಸ್ಕಿಗೆ ಇಳಿದು ಪ್ಯಾಡನ್ನು ಹಾಳುಮಾಡುತ್ತದೆ, ಮತ್ತು ಎಣ್ಣೆ ಹೀರಿದ ಪ್ಯಾಡನ್ನು ಮರಳುಕಾಗದದಿಂದ ಉಜ್ಜಿದರೂ ಅದು ಮೊದಲಿನಂತಾಗುವುದಿಲ್ಲ.

ಪ್ಯಾಡುಗಳಲ್ಲಿ ಆರ್ಗ್ಯಾನಿಕ್ ಮತ್ತು ಸಿಂಟರ್ಡ್ ಎಂಬ ಎರಡು ಮುಖ್ಯ ಬಗೆಗಳಿವೆ. ಆರ್ಗ್ಯಾನಿಕ್ ಪ್ಯಾಡಿನ ಹಿಡಿತ ಮೃದು, ಡಿಸ್ಕಿನ ಸವೆತ ಕಡಿಮೆ. ಆದರೆ ಒದ್ದೆಯಲ್ಲಿಯೂ ದೀರ್ಘ ಇಳಿತದಲ್ಲಿಯೂ ಅದು ಬೇಗ ಸೋಲುತ್ತದೆ. ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡ್ ಮಳೆಯಲ್ಲೂ ಬಿಸಿಯಲ್ಲೂ ಹೆಚ್ಚು ನಂಬಿಕೆಗೆ ಅರ್ಹ. ಅದು ಡಿಸ್ಕನ್ನು ತುಸು ಬೇಗ ಸವೆಸುತ್ತದೆ ಎಂಬುದು ನಿಜ. ಘಾಟಿಯಲ್ಲಿ ಓಡಾಡುವವರು ಈ ವೆಚ್ಚವನ್ನು ಒಪ್ಪಿಕೊಳ್ಳಬೇಕು. ನಿಮ್ಮ ಡಿಸ್ಕಿಗೆ ಸಿಂಟರ್ಡ್ ಪ್ಯಾಡ್ ಹೊಂದುತ್ತದೆಂದು ಪ್ಯಾಡ್ ತಯಾರಕರ ಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳಿ. ಪ್ಯಾಡಿನ ಬೆನ್ನಿನ ಮೇಲೆ ಎಫ್ಎಫ್, ಜಿಜಿ, ಎಚ್ಎಚ್ ಎಂಬಂತೆ ಎರಡು ಅಕ್ಷರಗಳಿದ್ದರೆ ಮೊದಲನೆಯದು ತಣ್ಣಗಿರುವಾಗಿನ ಘರ್ಷಣೆಯ ದರ್ಜೆ, ಎರಡನೆಯದು ಬಿಸಿಯಾದಾಗಿನದು. ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55, ಎಚ್ ಅದಕ್ಕೂ ಮೇಲೆ. ಎಬಿಎಸ್ ಇಲ್ಲದ ಹಗುರ ಬೈಕಿಗೆ ಎಚ್ಎಚ್ ದರ್ಜೆಯ ಪ್ಯಾಡನ್ನು ನಾನು ಸಲಹೆ ಮಾಡುವುದಿಲ್ಲ; ಎಲೆ ಉದುರಿ ಜಾರುವ ತೋಟದ ರಸ್ತೆಯಲ್ಲಿ ಅಷ್ಟು ತೀಕ್ಷ್ಣವಾದ ಹಿಡಿತ ಮುಂದಿನ ಚಕ್ರವನ್ನು ಲಾಕ್ ಮಾಡಬಹುದು.

ರಬ್ಬರ್ ಹೋಸ್ ವರ್ಷಗಳು ಕಳೆದಂತೆ ಒತ್ತಡಕ್ಕೆ ಉಬ್ಬತೊಡಗುತ್ತದೆ ಮತ್ತು ಲಿವರಿನ ಚಲನೆಯ ಒಂದು ಭಾಗ ಆ ಉಬ್ಬಿನಲ್ಲಿಯೇ ಕಳೆದುಹೋಗುತ್ತದೆ. ಒಳಗೆ ಟೆಫ್ಲಾನ್ ಕೊಳವೆ, ಹೊರಗೆ ಸ್ಟೀಲ್ ತಂತಿಯ ಹೆಣಿಗೆ ಇರುವ ಹೋಸ್ ಉಬ್ಬುವುದು ಅತ್ಯಲ್ಪ. ಹೆಣಿಗೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಬರಿಯ ತಂತಿ ತಾನು ತಾಗಿದ ಪೇಂಟನ್ನೂ ವೈರನ್ನೂ ಕೊರೆಯುತ್ತದೆ. ಉದ್ದವನ್ನು ಹಳೆಯ ಹೋಸಿನಿಂದಲೇ ಅಳೆಯಿರಿ ಮತ್ತು ಎರಡೂ ತುದಿಗಳಲ್ಲಿರುವ, ಬೋಲ್ಟ್ ತೂರುವ ಉಂಗುರದಂಥ ಬ್ಯಾಂಜೊ ತಲೆಯ ಕೋನವನ್ನು ಫೋಟೊ ತೆಗೆದು ಅಂಗಡಿಗೆ ತೋರಿಸಿ. ಒತ್ತಡ ಪರೀಕ್ಷೆಯಾದ ಸಿದ್ಧ ಹೋಸನ್ನು ಮಾತ್ರ ಕೊಳ್ಳಬೇಕು. ಪ್ರತಿ ಬ್ಯಾಂಜೊ ಬೋಲ್ಟಿಗೆ ಎರಡರಂತೆ ನಾಲ್ಕು ಹೊಸ ತಾಮ್ರದ ವಾಷರ್ ಬೇಕು. ಹಳೆಯ ವಾಷರ್ ಒಮ್ಮೆ ನುಜ್ಜಾಗಿರುವುದರಿಂದ ಮತ್ತೆ ಬಿಗಿಯಾದ ಸೀಲ್ ಕೊಡುವುದಿಲ್ಲ.

ಆಯಿಲ್ ವಿಷಯದಲ್ಲಿ ಹ್ಯಾಂಡಲ್ ಮೇಲಿರುವ ಆಯಿಲ್ ಕಪ್ಪಿನ ಮುಚ್ಚಳದ ಮೇಲೆ ಬರೆದಿರುವುದೇ ಕೊನೆಯ ಮಾತು. ಡಾಟ್ 4 ಎಂದಿದ್ದರೆ ಡಾಟ್ 4 ಅಥವಾ ಡಾಟ್ 5.1 ಹಾಕಬಹುದು. ಡಾಟ್ 5 ಎಂಬುದು ಸಿಲಿಕೋನ್ ಆಧಾರಿತವಾದ ಬೇರೆಯೇ ದ್ರವ. ಅದನ್ನು ಇವುಗಳೊಂದಿಗೆ ಎಂದೂ ಬೆರೆಸಬಾರದು. ಸಣ್ಣ, ಸೀಲ್ ಒಡೆಯದ ಬಾಟಲಿಗಳನ್ನೇ ತನ್ನಿ. ಹಿಂದಿನ ವರ್ಷ ತೆರೆದು ಷೆಡ್ಡಿನ ಮೂಲೆಯಲ್ಲಿಟ್ಟ ಬಾಟಲಿ ನಮ್ಮ ಹವೆಯಲ್ಲಿ ನಿರುಪಯುಕ್ತ.

ಉಪಕರಣಗಳೆಂದರೆ ಬೋಲ್ಟನ್ನು ನಿಗದಿತ ಬಲಕ್ಕೆ (ಟಾರ್ಕಿಗೆ) ಬಿಗಿಯುವ ಟಾರ್ಕ್ ವ್ರೆಂಚ್, ಬೋಲ್ಟುಗಳಿಗೆ ತಕ್ಕ ಸಾಕೆಟ್ ಮತ್ತು ಅಲೆನ್ ಕೀಗಳು, ಕ್ಯಾಲಿಪರಿನಿಂದ ಆಯಿಲನ್ನೂ ಗಾಳಿಯನ್ನೂ ಹೊರಬಿಡುವ ಬ್ಲೀಡ್ ನಿಪ್ಪಲ್ಲಿಗೆ ಹೆಚ್ಚಾಗಿ 8 ಮಿಲಿಮೀಟರಿನ ರಿಂಗ್ ಸ್ಪ್ಯಾನರ್, ನಿಪ್ಪಲ್ಲಿಗೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪ್, ದೊಡ್ಡ ಸಿರಿಂಜ್, ಖಾಲಿ ಬಾಟಲಿ, ಬ್ರೇಕ್ ಕ್ಲೀನರ್, ಸಿಲಿಕೋನ್ ಗ್ರೀಸ್, ಕೈಗವಸು. ಇವುಗಳಲ್ಲಿ ಟಾರ್ಕ್ ವ್ರೆಂಚನ್ನು ಬಿಡುವಂತಿಲ್ಲ. ಕೊಳ್ಳಲಾಗದಿದ್ದರೆ ಒಂದು ದಿನದ ಮಟ್ಟಿಗೆ ಗ್ಯಾರೇಜಿನಿಂದ ಎರವಲು ಪಡೆಯಿರಿ.

ಕೆಲಸದ ಕ್ರಮ

ಕಾಫಿ ಹೂ ಅರಳಿಸುವ ಹೂಮಳೆ ಮುಗಿದು ಮುಂಗಾರು ಹಿಡಿಯುವ ಮೊದಲಿನ ಒಣ ದಿನವನ್ನು ಆರಿಸಿಕೊಳ್ಳಿ. ಆ ಹೊತ್ತಿಗೆ ಕಾಫಿ ಒಣಗಿಸುವ ಕಣಗಳು ಖಾಲಿಯಾಗಿರುತ್ತವೆ; ಸಮತಟ್ಟಾದ ಕಾಂಕ್ರೀಟ್ ಕಣಕ್ಕಿಂತ ಒಳ್ಳೆಯ ಜಾಗ ಈ ಕೆಲಸಕ್ಕೆ ಸಿಗದು. ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟ್ಯಾಂಕನ್ನೂ ಮುಂದಿನ ಮಡ್‌ಗಾರ್ಡನ್ನೂ ದಪ್ಪ ಬಟ್ಟೆಯಿಂದ ಮುಚ್ಚಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಳ್ಳಿ. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುವುದರಿಂದ, ಹನಿ ಬಿದ್ದ ಕೂಡಲೇ ಒರೆಸದೆ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು.

ಕ್ಯಾಲಿಪರ್ ಇನ್ನೂ ಫೋರ್ಕಿನ ಮೇಲಿರುವಾಗಲೇ ಪ್ಯಾಡ್ ಪಿನ್ನನ್ನು ಕಾಲು ಸುತ್ತು ಸಡಿಲಿಸಿಡಿ. ಕೈಗೆ ಬಂದ ಮೇಲೆ ಅದನ್ನು ಬಿಚ್ಚುವುದು ಕಷ್ಟ. ನಂತರ ಕ್ಯಾಲಿಪರಿನ ಎರಡು ಬೋಲ್ಟುಗಳನ್ನು ತೆಗೆದು ಕ್ಯಾಲಿಪರನ್ನು ಡಿಸ್ಕಿನಿಂದ ಹೊರಗೆ ಜಾರಿಸಿ, ಅದರ ಭಾರ ಹೋಸಿನ ಮೇಲೆ ಬೀಳದಂತೆ ಹಗ್ಗದಿಂದ ಕಟ್ಟಿ. ಎಬಿಎಸ್ ಸೆನ್ಸರಿನ ವೈರ್ ಇದ್ದರೆ ಅದು ಎಳೆಯದಂತೆ ನೋಡಿಕೊಳ್ಳಿ. ಪಿನ್ ಎಳೆದು ಹಳೆಯ ಪ್ಯಾಡುಗಳನ್ನು ತೆಗೆಯುವಾಗ ಒಳಗಿನ ಸ್ಪ್ರಿಂಗ್ ತಗಡು ಯಾವ ದಿಕ್ಕಿಗೆ ಕುಳಿತಿತ್ತೆಂದು ಫೋಟೊ ತೆಗೆದಿಟ್ಟುಕೊಳ್ಳಿ.

ಎಲ್ಲರೂ ಅವಸರ ಮಾಡುವ, ಆದರೆ ಅತ್ಯಂತ ಹೆಚ್ಚು ಫಲ ಕೊಡುವ ಹಂತ ಇಲ್ಲಿಂದ ಆರಂಭವಾಗುತ್ತದೆ. ಪಿಸ್ಟನ್ನುಗಳು ಕೆಲವು ಮಿಲಿಮೀಟರ್ ಹೊರಬರುವಷ್ಟು ಮಾತ್ರ ಲಿವರನ್ನು ಮೆಲ್ಲಗೆ ಒತ್ತಿ, ಹೊರಬಂದ ಭಾಗವನ್ನು ಸಾಬೂನು ನೀರು ಮತ್ತು ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ಸುತ್ತಲೂ ಉಜ್ಜಿ ತೊಳೆದು ಒಣಗಿಸಿ. ನಮ್ಮ ಕಡೆಯ ಕೆಂಪು ಕೆಸರು ಇಲ್ಲಿ ಕುಳಿತು ಗಟ್ಟಿಯಾಗಿರುತ್ತದೆ. ಕೊಳೆಯೊಡನೆಯೇ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದರೆ ಆ ಕೊಳೆ ಸೀಲನ್ನು ಗೀರುತ್ತದೆ. ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್ ಇವುಗಳಲ್ಲಿ ಯಾವುದರಿಂದಲೂ ಕ್ಯಾಲಿಪರ್ ತೊಳೆಯಬಾರದು. ಬ್ರೇಕಿನ ರಬ್ಬರ್ ಸೀಲುಗಳು ಇಂಥ ಎಣ್ಣೆಗಳಲ್ಲಿ ಊದಿಕೊಂಡು ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ಎಂಜಿನ್ನಿಗೆ ಹೊಡೆಯುವ ಡೀಸೆಲ್ ಸ್ಪ್ರೇ ಮುಂದಿನ ಚಕ್ರಕ್ಕೆ ತಾಗದಂತೆ ನಿಂತು ನೋಡಿಕೊಳ್ಳುವುದೂ ಇದೇ ಕಾರಣಕ್ಕೆ ಅಗತ್ಯ. ಪ್ಯಾಡಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ, ಏಕೆಂದರೆ ಅದು ಶ್ವಾಸಕೋಶಕ್ಕೆ ಹೋಗಬಾರದ ಧೂಳು.

ಕಪ್ಪಿನ ಮುಚ್ಚಳ ತೆಗೆದು, ಪಿಸ್ಟನ್ನುಗಳನ್ನು ಎರಡೂ ಹೆಬ್ಬೆರಳಿನಿಂದ ನೇರವಾಗಿ ಹಿಂದಕ್ಕೆ ತಳ್ಳಿ. ಆಯಿಲ್ ಮೇಲೇರಿ ಬಂದರೆ ಸಿರಿಂಜಿನಿಂದ ಹೀರಿ ತೆಗೆಯಿರಿ. ಕೈಬಲಕ್ಕೆ ಅಲುಗದ ಪಿಸ್ಟನ್ನಿಗೆ ಸ್ಕ್ರೂಡ್ರೈವರ್ ಮೀಟುವ ಬದಲು ಸೀಲ್ ಕಿಟ್ ಹಾಕಿಸುವುದು ಸರಿ. ಪಿನ್ನುಗಳ ಮೇಲೆ ಪಕ್ಕಕ್ಕೆ ಜಾರುವ ಫ್ಲೋಟಿಂಗ್ ಕ್ಯಾಲಿಪರಾಗಿದ್ದರೆ ಅದರ ಜಾರುಪಿನ್ನುಗಳನ್ನು ಹೊರತೆಗೆದು, ತುಕ್ಕು ಒರೆಸಿ, ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ, ರಬ್ಬರ್ ಬೂಟುಗಳು ಹರಿದಿಲ್ಲವೆಂದು ನೋಡಿ ಕೂರಿಸಿ. ಎಷ್ಟೋ ಬೈಕುಗಳಲ್ಲಿ ಒಂದು ಪ್ಯಾಡ್ ಪೂರ್ತಿ ಸವೆದು ಇನ್ನೊಂದು ಹೊಸದರಂತೆಯೇ ಉಳಿದಿರುವುದಕ್ಕೆ ಈ ಪಿನ್ನುಗಳು ಬಿಗಿದುಕೊಂಡಿರುವುದೇ ಕಾರಣ. ಡಿಸ್ಕಿನ ಎರಡೂ ಮುಖಗಳನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ, ಹೊಸ ಪ್ಯಾಡುಗಳ ಉಜ್ಜುವ ಮುಖವನ್ನು ಮುಟ್ಟದೆ ಕೂರಿಸಿ, ಕ್ಯಾಲಿಪರನ್ನು ಮರಳಿ ಜೋಡಿಸಿ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಟಾರ್ಕಿಗೆ ಬಿಗಿಯಿರಿ.

ಹೋಸ್ ಬದಲಿಸುವವರು ಮೊದಲು ಹಳೆಯ ಆಯಿಲನ್ನು ನಿಪ್ಪಲ್ ಮೂಲಕ ಪೂರ್ತಿ ಬಾಟಲಿಗೆ ಇಳಿಸಿ, ಎರಡೂ ಬ್ಯಾಂಜೊ ಬೋಲ್ಟುಗಳನ್ನು ಬಿಚ್ಚಿ, ಹಳೆಯ ಹೋಸ್ ಹಾದುಹೋದ ದಾರಿಯಲ್ಲೇ ಹೊಸದನ್ನು ಹಾಯಿಸಬೇಕು. ಬ್ಯಾಂಜೊ ತಲೆಯ ಎರಡೂ ಬದಿಗೆ ಒಂದೊಂದು ವಾಷರ್ ಇರಬೇಕು. ಬಿಗಿಯುವ ಮೊದಲು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಫೋರ್ಕ್ ಪೂರ್ತಿ ಚಾಚಿದಾಗಲೂ ಹೋಸ್ ಎಳೆಯುವುದಿಲ್ಲ, ಫೋರ್ಕ್ ಕುಗ್ಗಿದಾಗ ಟೈರಿಗೆ ತಾಗುವುದಿಲ್ಲ ಎಂದು ಕಣ್ಣಾರೆ ನೋಡಿ. ಬ್ಯಾಂಜೊ ಬೋಲ್ಟಿನ ಟಾರ್ಕ್ ಹಲವು ಬೈಕುಗಳಲ್ಲಿ 25ರಿಂದ 35 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿರುತ್ತದೆ. ನಿಮ್ಮ ಮ್ಯಾನ್ಯುಯಲ್ಲಿನ ಅಂಕಿಯೇ ಅಂತಿಮ. ಈ ಬೋಲ್ಟ್ ಒಳಗೆ ಟೊಳ್ಳು, ಅತಿಯಾಗಿ ಬಿಗಿದರೆ ತುಂಡಾಗುತ್ತದೆ.

ಗಾಳಿ ತೆಗೆಯುವುದು

ಕಪ್ಪನ್ನು ಹೊಸ ಆಯಿಲಿನಿಂದ ತುಂಬಿ, ನಿಪ್ಪಲ್ಲಿಗೆ ಪೈಪ್ ಹಾಕಿ, ಪೈಪಿನ ಇನ್ನೊಂದು ತುದಿ ಬಾಟಲಿಯಲ್ಲಿರುವ ತುಸು ಆಯಿಲಿನೊಳಗೆ ಮುಳುಗಿರಲಿ. ಲಿವರನ್ನು ನಿಧಾನವಾಗಿ ಒತ್ತಿ ಹಿಡಿದು, ನಿಪ್ಪಲ್ ಅರ್ಧ ಸುತ್ತು ತೆರೆದು, ಲಿವರ್ ಒಳಗೆ ಹೋದ ಮೇಲೆ ನಿಪ್ಪಲ್ ಮುಚ್ಚಿ, ಅನಂತರವೇ ಲಿವರ್ ಬಿಡಬೇಕು. ಈ ಕ್ರಮ ಒಮ್ಮೆ ತಪ್ಪಿದರೂ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಕಪ್ಪಿನ ಆಯಿಲ್ ಕೆಳಗಿನ ಗೆರೆಗಿಂತ ಇಳಿಯಲು ಬಿಡದೆ ತುಂಬುತ್ತಿರಬೇಕು. ಒಬ್ಬರು ಲಿವರ್, ಇನ್ನೊಬ್ಬರು ಸ್ಪ್ಯಾನರ್ ಹಿಡಿದರೆ ಕೆಲಸ ಸುಲಭ.

ಖಾಲಿ ಹೋಸಿನಲ್ಲಿ ಈ ವಿಧಾನ ಬಹಳ ಹೊತ್ತು ಹಿಡಿಯುತ್ತದೆ, ಏಕೆಂದರೆ ಮೇಲಕ್ಕೆ ಏರಬಯಸುವ ಗಾಳಿಯನ್ನು ನಾವು ಕೆಳಕ್ಕೆ ತಳ್ಳುತ್ತಿರುತ್ತೇವೆ. ಹಾಗಾಗಿ ಹೊಸ ಹೋಸ್ ಹಾಕಿದಾಗ ಸಿರಿಂಜಿನಿಂದ ನಿಪ್ಪಲ್ ಮೂಲಕ ಕೆಳಗಿನಿಂದ ಮೇಲಕ್ಕೆ ಆಯಿಲನ್ನು ಮೆಲ್ಲಗೆ ತಳ್ಳುವುದು ಉತ್ತಮ. ಕಪ್ ತುಂಬಿ ಹರಿಯದಂತೆ ಮಾತ್ರ ಗಮನವಿರಲಿ. ಇಷ್ಟಾದರೂ ಲಿವರ್ ಮೆತ್ತಗಿದ್ದರೆ ಗಾಳಿ ಉಳಿದಿರುವುದು ಬಹುಪಾಲು ಮಾಸ್ಟರ್ ಸಿಲಿಂಡರಿನ ಬ್ಯಾಂಜೊ ತಲೆಯಲ್ಲಿ, ಅದು ಇಡೀ ವ್ಯವಸ್ಥೆಯ ಎತ್ತರದ ಜಾಗವಾದ್ದರಿಂದ. ಹೋಸನ್ನು ಬೆರಳಿನಿಂದ ಬಡಿಯುತ್ತಾ, ಹ್ಯಾಂಡಲನ್ನು ಕಪ್ ಮೇಲಾಗುವಂತೆ ತಿರುಗಿಸಿ, ಲಿವರನ್ನು ಸಣ್ಣಸಣ್ಣದಾಗಿ ಒತ್ತಿದರೆ ಕಪ್ಪಿನಲ್ಲಿ ಗುಳ್ಳೆಗಳು ಏಳುವುದು ಕಾಣುತ್ತದೆ. ಕಪ್ಪಿನ ಮುಚ್ಚಳ ಹಾಕಿ ಲಿವರನ್ನು ಹ್ಯಾಂಡಲಿಗೆ ರಬ್ಬರ್ ಪಟ್ಟಿಯಿಂದ ಕಟ್ಟಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮತ್ತೊಮ್ಮೆ ಬ್ಲೀಡ್ ಮಾಡುವುದೂ ಪ್ರಯೋಜನಕಾರಿ.

ಹೊರಬಂದ ಆಯಿಲನ್ನು ಯಾವ ಕಾರಣಕ್ಕೂ ಮತ್ತೆ ಬಳಸಬೇಡಿ, ಮತ್ತು ತೋಟಕ್ಕೋ ಹಳ್ಳಕ್ಕೋ ಚೆಲ್ಲಬೇಡಿ. ಮುಚ್ಚಿದ ಬಾಟಲಿಯಲ್ಲಿಟ್ಟು, ತ್ಯಾಜ್ಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಬ್ರೇಕ್ ಆಯಿಲ್ ಎಂದು ಹೇಳಿಯೇ ಕೊಡಬೇಕು.

ಪರೀಕ್ಷೆ ಮತ್ತು ಪಳಗಿಸುವಿಕೆ

ಬೈಕ್ ಕದಲಿಸುವ ಮೊದಲು ಪ್ಯಾಡ್ ಡಿಸ್ಕಿಗೆ ತಾಗುವವರೆಗೆ ಲಿವರನ್ನು ಹಲವು ಬಾರಿ ಒತ್ತಿ. ಪಿಸ್ಟನ್ ಹಿಂದಕ್ಕೆ ಹೋಗಿರುವುದರಿಂದ ಮೊದಲ ಕೆಲವು ಒತ್ತುಗಳಲ್ಲಿ ಬ್ರೇಕೇ ಇರುವುದಿಲ್ಲ, ಮತ್ತು ಇದನ್ನು ಮರೆತು ಗೇಟಿನ ಇಳಿಜಾರಿಗೆ ಬೈಕ್ ಬಿಟ್ಟರೆ ಅಪಾಯ ಖಚಿತ. ನಂತರ ಲಿವರನ್ನು ಪೂರ್ಣ ಬಲದಿಂದ ಒಂದು ನಿಮಿಷ ಹಿಡಿದಿಡಿ. ಅದು ನಿಧಾನವಾಗಿ ಒಳಗೆ ಸರಿದರೆ ಎಲ್ಲೋ ಸೋರಿಕೆ ಇದೆ ಅಥವಾ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಮೆತ್ತಗಿದ್ದು ಎರಡು ಮೂರು ಬಾರಿ ಒತ್ತಿದಾಗ ಗಟ್ಟಿಯಾದರೆ ಗಾಳಿ ಉಳಿದಿದೆ. ಪ್ರತಿ ಜೋಡಣೆಗೂ ಒಣ ಕಾಗದ ಒತ್ತಿ ತೇವವಿಲ್ಲವೆಂದು ನೋಡಿ, ಚಕ್ರ ತಡೆಯಿಲ್ಲದೆ ತಿರುಗುತ್ತದೆಯೇ ಪರೀಕ್ಷಿಸಿ. ಇವುಗಳಲ್ಲಿ ಒಂದರಲ್ಲಿ ಅನುಮಾನ ಬಂದರೂ ಬೈಕ್ ರಸ್ತೆಗೆ ಇಳಿಯಬಾರದು. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.

ಹೊಸ ಪ್ಯಾಡ್ ಡಿಸ್ಕಿನ ಮೇಲ್ಮೈಗೆ ಹೊಂದಿಕೊಳ್ಳುವವರೆಗೆ ಪೂರ್ಣ ಹಿಡಿತ ಸಿಗುವುದಿಲ್ಲ. ಇದನ್ನು ಪಳಗಿಸಲು ಗಿರಿಯ ಕಡೆಗೆ ಹೋಗದೆ ಬಯಲುಸೀಮೆಯತ್ತ ಸಾಗುವ ಸಖರಾಯಪಟ್ಟಣ–ಕಡೂರು ದಾರಿಯಂಥ ನೇರ ರಸ್ತೆಯನ್ನು ಸಂಚಾರ ವಿರಳವಾದ ಬೆಳಗಿನ ಹೊತ್ತಿನಲ್ಲಿ ಬಳಸಿ. ಹಿಂದೆ ವಾಹನವಿಲ್ಲವೆಂದು ನೋಡಿ, ಗಂಟೆಗೆ 50 ಕಿಲೋಮೀಟರ್ ವೇಗದಿಂದ 10ರವರೆಗೆ ಮಧ್ಯಮ ಬಲದಲ್ಲಿ ಬ್ರೇಕ್ ಹಿಡಿದು, ಪೂರ್ತಿ ನಿಲ್ಲಿಸದೆ ಬಿಟ್ಟು, ಡಿಸ್ಕ್ ತಣಿಯುವಷ್ಟು ದೂರ ಓಡಿಸಿ ಮತ್ತೆ ಹಿಡಿಯಿರಿ. ಹತ್ತು ಹನ್ನೆರಡು ಬಾರಿ ಹೀಗೆ ಮಾಡುವಷ್ಟರಲ್ಲಿ ಹಿಡಿತ ಬಲವಾಗುತ್ತಾ ಬರುವುದು ಬೆರಳಿಗೆ ತಿಳಿಯುತ್ತದೆ. ಕಾದ ಡಿಸ್ಕಿನ ಮೇಲೆ ಲಿವರ್ ಹಿಡಿದುಕೊಂಡೇ ನಿಲ್ಲಬಾರದು. ಪ್ಯಾಡಿನ ಪದಾರ್ಥ ಒಂದೇ ಕಡೆ ಅಂಟಿ ಆಮೇಲೆ ಬ್ರೇಕ್ ಅದುರುತ್ತದೆ.

ಮರುದಿನ ಎಲ್ಲ ಬೋಲ್ಟುಗಳ ಟಾರ್ಕನ್ನೂ ಕಪ್ಪಿನ ಮಟ್ಟವನ್ನೂ ಮತ್ತೊಮ್ಮೆ ನೋಡಿ, ಆಮೇಲೆ ಘಾಟಿಗೆ ಹೋಗಬಹುದು. ಹತ್ತಿದ ಗೇರಿನಲ್ಲೇ ಇಳಿಯುವ ರೂಢಿ ಹೊಸ ಬ್ರೇಕ್ ಬಂದ ಮೇಲೂ ಮುಂದುವರಿಯಲಿ, ಮತ್ತು ಲಿವರನ್ನು ಉದ್ದಕ್ಕೂ ಸವರಿಕೊಂಡು ಇಳಿಯುವುದಕ್ಕಿಂತ ತಿರುವಿಗೆ ಮೊದಲು ಬಲವಾಗಿ ಹಿಡಿದು ಬಿಟ್ಟುಬಿಡಿ. ಎರಡು ಹಿಡಿತಗಳ ನಡುವೆ ಡಿಸ್ಕಿಗೆ ಗಾಳಿಯಾಡಬೇಕು. ಜೋರು ಮಳೆಯಲ್ಲಿ ತಿರುವು ಬರುವುದಕ್ಕೆ ಸಾಕಷ್ಟು ಮೊದಲೇ ಒಮ್ಮೆ ಲಘುವಾಗಿ ಲಿವರ್ ತಾಗಿಸಿ ಡಿಸ್ಕಿನ ನೀರನ್ನು ಒರೆಸಿಕೊಳ್ಳಿ. ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ಸಾಮಾನ್ಯ ಸೂಚನೆ. ಮೂಡಿಗೆರೆ, ಕೊಪ್ಪ, ಶೃಂಗೇರಿಯಂಥ ಹೆಚ್ಚು ಮಳೆಯ ತಾಲ್ಲೂಕುಗಳಲ್ಲಿ ದಿನವೂ ಬೈಕ್ ಓಡಿಸುವವರು ಪ್ರತಿ ವರ್ಷ ಮುಂಗಾರಿಗೆ ಮೊದಲು ಬದಲಿಸಿ, ಅದೇ ದಿನ ಜಾರುಪಿನ್ನುಗಳನ್ನೂ ಬಿಚ್ಚಿ ಗ್ರೀಸ್ ಹಾಕಬೇಕು. ಪ್ಯಾಡಿನ ಉಜ್ಜುವ ಪದರ 2 ಮಿಲಿಮೀಟರಿಗೆ ಬಂದಾಗ, ಸವೆತದ ಗುರುತು ಅಳಿಯುವವರೆಗೆ ಕಾಯದೆ, ಹೊಸದನ್ನು ತಂದಿಟ್ಟುಕೊಳ್ಳಿ.